ಮುಳುಗದ ಹಡಗುಗಳ ಲೆಕ್ಕ

ರಾಬರ್ಟ್ ಫಿಟ್ಜ್‌ರಾಯ್ ಎಂದೊಡನೆ ನೆನಪಾಗುವುದು 1831ರಿಂದ 1836ರವರೆಗೆ ಚಾರ್ಲ್ಸ್ ಡಾರ್ವಿನ್‌ನನ್ನು ಹೊತ್ತು ಸಾಗಿದ ‘ಬೀಗಲ್’ ಹಡಗು. ಆದರೆ ಈ ಬ್ರಿಟಿಷ್ ನೌಕಾಧಿಕಾರಿಯ ಹಿರಿಯ ಸಾಧನೆ ನಡೆದದ್ದು ಕಡಲಿನಲ್ಲಲ್ಲ, ಲಂಡನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ.

1854ರಲ್ಲಿ ವಾಣಿಜ್ಯ ಮಂಡಳಿಯ ಹೊಸ ಹವಾಮಾನ ವಿಭಾಗಕ್ಕೆ ಆತ ಮುಖ್ಯಸ್ಥನಾದ. ವಹಿಸಿದ್ದ ಕೆಲಸ ಅಂಕಿಅಂಶಗಳ ಸಂಗ್ರಹ. 1859ರ ಅಕ್ಟೋಬರಿನಲ್ಲಿ ವೇಲ್ಸ್ ತೀರದ ಬಿರುಗಾಳಿಗೆ ಸಿಲುಕಿ ‘ರಾಯಲ್ ಚಾರ್ಟರ್’ ಹಡಗು ಒಡೆದು 400ಕ್ಕೂ ಹೆಚ್ಚು ಮಂದಿ ಸತ್ತರು. ಆ ಬಳಿಕ, 1861ರಿಂದ, ಬಂದರುಗಳಿಗೆ ತಂತಿಯ ಮೂಲಕ ಎಚ್ಚರಿಕೆ ಹೋಗತೊಡಗಿತು. ಅದೇ ಆಗಸ್ಟ್ 1ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಹವಾಮಾನ ಮುನ್ಸೂಚನೆಯೂ ಪ್ರಕಟವಾಯಿತು.

ತಪ್ಪಿದ ಮುನ್ಸೂಚನೆ ಎಲ್ಲರ ಕಣ್ಣಿಗೆ ಬಿತ್ತು. ಬಂದರಿನಲ್ಲೇ ಉಳಿದು ಪಾರಾದ ಹಡಗು ಯಾವ ಲೆಕ್ಕಕ್ಕೂ ಸಿಗಲಿಲ್ಲ. ಟೀಕೆ, ಸಾಲ, ಅನಾರೋಗ್ಯಗಳಿಂದ ಕುಗ್ಗಿದ ಫಿಟ್ಜ್‌ರಾಯ್ 1865ರ ಏಪ್ರಿಲ್ 30ರಂದು ಆತ್ಮಹತ್ಯೆ ಮಾಡಿಕೊಂಡ. ಮರುವರ್ಷ ಪರಿಶೀಲನಾ ಸಮಿತಿಯು ಮುನ್ಸೂಚನೆಗಳಿಗೆ ವೈಜ್ಞಾನಿಕ ಆಧಾರ ಸಾಲದೆಂದಿತು. ಬಿರುಗಾಳಿಯ ಎಚ್ಚರಿಕೆಗಳೂ ನಿಂತವು. ಅವು ಬೇಕೆಂದು ಒತ್ತಾಯಿಸಿದವರು ಕಡಲನ್ನು ನಂಬಿ ಬದುಕುವವರು. 1867ರಲ್ಲಿ ಎಚ್ಚರಿಕೆಗಳು ಮತ್ತೆ ಆರಂಭವಾದವು.

ಅನಾಹುತ ತಡೆಯುವ ಇಲಾಖೆಯ ವೆಚ್ಚ ಬಜೆಟ್ಟಿನಲ್ಲಿ ಕಾಣುತ್ತದೆ, ಗಳಿಕೆ ಕಾಣುವುದಿಲ್ಲ. ಉಳಿತಾಯದ ಹೆಸರಿನಲ್ಲಿ ಅಂಥ ಸೇವೆಗೆ ಕತ್ತರಿ ಹಾಕುವ ಮುನ್ನ, ಅದನ್ನು ನೆಚ್ಚಿ ಬದುಕುವವರ ಮಾತನ್ನೂ ಕೇಳುವುದು ಆಡಳಿತಗಾರರ ಕರ್ತವ್ಯ.