ಕ್ಯಾಮೆರಾ ಎಲ್ಲಿ ನಿಲ್ಲಬೇಕು? ಒಂದು ಪೀಳಿಗೆಯ ಶ್ರೇಷ್ಠ ವಿಡಿಯೋ ಆಟಗಳು ಕಲಿಸುವ ಪಾಠ

ನೂರಕ್ಕೆ ತೊಂಬತ್ತೊಂಬತ್ತು ಅಂಕ! ಪರೀಕ್ಷೆಯಲ್ಲಿ ಇಷ್ಟು ಅಂಕ ಪಡೆದವರನ್ನು ನಾವು ಬೆರಗಿನಿಂದ ನೋಡುತ್ತೇವೆ. 1998ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ‘ದ ಲೆಜೆಂಡ್ ಆಫ್ ಝೆಲ್ಡಾ: ಒಕರಿನಾ ಆಫ್ ಟೈಮ್’ ಎಂಬ ವಿಡಿಯೋ ಆಟಕ್ಕೆ ವಿಮರ್ಶಕರಿಂದ ದೊರೆತ ಸರಾಸರಿ ಅಂಕ ಇದು. ವಿಮರ್ಶೆಗಳ ಅಂಕಗಳನ್ನು ಕಲೆಹಾಕಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಸಂಸ್ಥೆಯ ಪಟ್ಟಿಯಲ್ಲಿ ಇದನ್ನು ಮೀರಿಸಿದ ಆಟ ಇನ್ನೊಂದಿಲ್ಲ.

ಆದರೆ ಇಂದು ಮೊಬೈಲಿನಲ್ಲಿ ಆಡಿ ಬೆಳೆದ ವಿದ್ಯಾರ್ಥಿಯೊಬ್ಬರ ಮುಂದೆ ಆ ಆಟವನ್ನು ಇಟ್ಟು ನೋಡಿ. ಪಾತ್ರಗಳ ಮುಖ ಕಾಗದ ಮಡಿಸಿ ಮಾಡಿದಂತೆ ಕೋನಕೋನವಾಗಿದೆ. ಹುಲ್ಲುಗಾವಲು ಹಸಿರು ಬಣ್ಣ ಬಳಿದ ಹಲಗೆಯಂತಿದೆ. ‘ಇದಕ್ಕೇಕೆ ಅಷ್ಟು ಅಂಕ?’ ಎಂದು ಅವರು ಕೇಳಿದರೆ ತಪ್ಪಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಯಂತ್ರದ ಬಗ್ಗೆ, ನೋಟದ ಬಗ್ಗೆ ಮತ್ತು ಅಂಕ ಎಂಬುದರ ಬಗ್ಗೆಯೇ ಕೆಲವು ಸ್ವಾರಸ್ಯದ ಸಂಗತಿಗಳು ತಿಳಿಯುತ್ತವೆ.

ಯಾವುದು ಆ ಪೀಳಿಗೆ?

ಟಿ.ವಿ.ಗೆ ಜೋಡಿಸಿ ಆಡುವ ಯಂತ್ರಕ್ಕೆ ಕನ್ಸೋಲ್ ಎಂದು ಹೆಸರು. ಸರಿಸುಮಾರು ಒಂದೇ ಕಾಲದಲ್ಲಿ, ಒಂದೇ ಮಟ್ಟದ ಸಾಮರ್ಥ್ಯದೊಂದಿಗೆ ಬಂದ ಕನ್ಸೋಲ್‌ಗಳನ್ನು ಒಂದು ಪೀಳಿಗೆ ಎಂದು ಗುರುತಿಸುವುದು ವಾಡಿಕೆ. ನಾವು ಹೇಳುತ್ತಿರುವುದು ಐದನೆಯ ಪೀಳಿಗೆಯ ವಿಷಯ. 1994ರ ನವೆಂಬರ್‌ನಲ್ಲಿ ಸೆಗಾ ಕಂಪನಿಯ ಸ್ಯಾಟರ್ನ್, ಅದೇ ವರ್ಷ ಡಿಸೆಂಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್, 1996ರ ಜೂನ್‌ನಲ್ಲಿ ನಿಂಟೆಂಡೊ 64 ಜಪಾನಿನಲ್ಲಿ ಬಿಡುಗಡೆಯಾದವು.

ಇವುಗಳ ಶಕ್ತಿ ಎಷ್ಟು? ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ 2 ಮೆಗಾಬೈಟ್. ನಿಂಟೆಂಡೊ 64ರದು 4 ಮೆಗಾಬೈಟ್. ಇಂದು ಮೊಬೈಲ್ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಎಷ್ಟೋ ಬಾರಿ ಇದಕ್ಕಿಂತ ಕಡಿಮೆ ಜಾಗದಲ್ಲಿ ಹಿಡಿಸುವುದಿಲ್ಲ! ಅಷ್ಟರಲ್ಲೇ ಬೆಟ್ಟ, ಕೋಟೆ, ಕುದುರೆ, ಸೂರ್ಯೋದಯ ಎಲ್ಲವನ್ನೂ ತೋರಿಸಬೇಕಾಗಿತ್ತು.

ಅದಕ್ಕಿಂತ ಹಿಂದಿನ ಆಟಗಳು ಬಹುಮಟ್ಟಿಗೆ ನಮ್ಮ ತೊಗಲುಗೊಂಬೆಯಾಟದಂತೆ ಇದ್ದವು. ಚಪ್ಪಟೆ ಪರದೆಯ ಮೇಲೆ ಚಪ್ಪಟೆ ಗೊಂಬೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಚಲಿಸುತ್ತಿತ್ತು. ಐದನೆಯ ಪೀಳಿಗೆಯ ಯಂತ್ರಗಳು ಮೂರನೆಯ ಆಯಾಮವನ್ನು, ಅಂದರೆ ಆಳವನ್ನು, ಮನೆಮನೆಯ ಟಿ.ವಿ.ಗೆ ತಂದವು. ಈ ಯಂತ್ರಗಳಲ್ಲಿ ಪ್ರತಿಯೊಂದು ವಸ್ತುವೂ ಸಣ್ಣ ಸಣ್ಣ ಚಪ್ಪಟೆ ತುಂಡುಗಳಿಂದ, ಮುಖ್ಯವಾಗಿ ತ್ರಿಕೋನಗಳಿಂದ, ಆಗಿರುತ್ತದೆ. ತ್ರಿಕೋನದ ಮೂರು ಮೂಲೆಗಳು ನೋಡುವ ಕಣ್ಣಿನಿಂದ ಎಷ್ಟು ದೂರದಲ್ಲಿವೆ ಎಂದು ಯಂತ್ರ ಲೆಕ್ಕ ಹಾಕುತ್ತದೆ. ದೂರ ಇಮ್ಮಡಿಯಾದರೆ ತೆರೆಯ ಮೇಲೆ ಎತ್ತರ ಅರ್ಧವಾಗಬೇಕು. ಈ ಭಾಗಾಕಾರವನ್ನು ಸೆಕೆಂಡಿಗೆ ಸಾವಿರಾರು ಬಾರಿ ಮಾಡಿದಾಗ ಆಳದ ಭ್ರಮೆ ಹುಟ್ಟುತ್ತದೆ. ತ್ರಿಕೋನಗಳ ಸಂಖ್ಯೆ ಕಡಿಮೆ ಇದ್ದದ್ದರಿಂದಲೇ ಆ ಕಾಲದ ಮುಖಗಳು ಕೋನಕೋನವಾಗಿ ಕಾಣುತ್ತವೆ.

ಇಲ್ಲದ ಕ್ಯಾಮೆರಾದ ತೊಂದರೆ

ಆಳವೇನೋ ಬಂತು. ಅದರೊಡನೆ ಹೊಸದೊಂದು ತೊಡಕೂ ಬಂತು. ಟಿ.ವಿ. ಸ್ಟುಡಿಯೋದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ಕೂಡಲೇ ಅರ್ಥವಾಗುವ ತೊಡಕು. ನಾಟಕವೊಂದನ್ನು ಚಿತ್ರೀಕರಿಸುವಾಗ ನಟ ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಎತ್ತ ತಿರುಗಬೇಕು ಎಂದು ಮೊದಲೇ ನೆಲದ ಮೇಲೆ ಗುರುತು ಹಾಕಿರುತ್ತೇವೆ. ಮೂರು ಕ್ಯಾಮೆರಾಗಳು ಎಲ್ಲೆಲ್ಲಿ ಇರಬೇಕೆಂಬುದೂ ತಾಲೀಮಿನಲ್ಲಿಯೇ ನಿರ್ಧಾರವಾಗಿರುತ್ತದೆ.

ಆಟದಲ್ಲಿ ನಟ ನಮ್ಮ ಮಾತು ಕೇಳುವುದಿಲ್ಲ. ಏಕೆಂದರೆ ಆ ನಟ ಆಡುವವರ ಕೈಯಲ್ಲಿದ್ದಾನೆ! ಅವನು ಹಠಾತ್ತನೆ ಹಿಂದಕ್ಕೆ ತಿರುಗುತ್ತಾನೆ, ಮೂಲೆಗೆ ನುಗ್ಗುತ್ತಾನೆ, ಕಂಬದ ಸುತ್ತ ಓಡುತ್ತಾನೆ. ಆಟದೊಳಗಿನ ‘ಕ್ಯಾಮೆರಾ’ ನಿಜವಾದ ಕ್ಯಾಮೆರಾ ಅಲ್ಲ, ಲೆಕ್ಕದಲ್ಲಿರುವ ಒಂದು ಬಿಂದು. ಆ ಬಿಂದು ಗೋಡೆಯ ಹಿಂದೆ ಸಿಕ್ಕಿಕೊಂಡರೆ ತೆರೆಯ ತುಂಬ ಗೋಡೆಯೇ ಕಾಣುತ್ತದೆ. ಕಾಣದಿದ್ದರೆ ಆಡುವುದು ಹೇಗೆ? ಆ ಪೀಳಿಗೆಯಲ್ಲಿ ಹೆಚ್ಚು ಮೆಚ್ಚುಗೆ ಪಡೆದ ಆಟಗಳ ಪಟ್ಟಿಯನ್ನು ಗಮನಿಸಿದರೆ, ಅವುಗಳಲ್ಲಿ ಹೆಚ್ಚಿನವು ಈ ಪ್ರಶ್ನೆಗೆ ತಮ್ಮದೇ ಆದ ಉತ್ತರ ಕಂಡುಕೊಂಡವು ಎಂಬುದು ಸ್ಪಷ್ಟವಾಗುತ್ತದೆ.

ಮೊದಲ ದೊಡ್ಡ ಉತ್ತರ 1996ರಲ್ಲಿ ಬಂದ ‘ಸೂಪರ್ ಮಾರಿಯೊ 64’. ಇದರ ನಿರ್ದೇಶಕರು ಶಿಗೆರು ಮಿಯಾಮೊಟೊ. ಇಲ್ಲಿ ಕ್ಯಾಮೆರಾವನ್ನೇ ಒಂದು ಪಾತ್ರವನ್ನಾಗಿ ಮಾಡಲಾಯಿತು. ಮೋಡದ ಮೇಲೆ ಕುಳಿತ ಲಕಿಟು ಎಂಬ ಪುಟ್ಟ ಜೀವಿ ಕೋಲಿಗೆ ಕ್ಯಾಮೆರಾ ಕಟ್ಟಿಕೊಂಡು ನಾಯಕನ ಹಿಂದೆ ಹಿಂದೆ ಬರುತ್ತದೆ. ಕೋಟೆಯೊಳಗಿನ ಕನ್ನಡಿಯ ಕೋಣೆಗೆ ಹೋದರೆ ಲಕಿಟುವಿನ ಪ್ರತಿಬಿಂಬವೂ ಕಾಣುತ್ತದೆ. ಹೀಗೆ ‘ನಿನ್ನನ್ನು ಯಾರೋ ಹಿಂಬಾಲಿಸಿ ಚಿತ್ರೀಕರಿಸುತ್ತಿದ್ದಾರೆ, ಬೇಕಾದರೆ ಗುಂಡಿ ಒತ್ತಿ ಅವರನ್ನು ಆಚೀಚೆ ಸರಿಸಬಹುದು’ ಎಂಬ ಹೊಸ ಕಲ್ಪನೆ ಮಕ್ಕಳಿಗೂ ಸುಲಭವಾಗಿ ತಿಳಿಯಿತು. ಜೊತೆಗೆ ಹೆಬ್ಬೆರಳಿನಿಂದ ಬಾಗಿಸುವ ಪುಟ್ಟ ಕಡ್ಡಿಯೊಂದು ಕೈಯಲ್ಲಿನ ನಿಯಂತ್ರಕದಲ್ಲಿತ್ತು. ಸ್ವಲ್ಪ ಬಾಗಿಸಿದರೆ ಮಾರಿಯೊ ಮೆಲ್ಲಗೆ ನಡೆಯುತ್ತಾನೆ, ಪೂರ್ತಿ ಬಾಗಿಸಿದರೆ ಓಡುತ್ತಾನೆ. ಸ್ವಿಚ್ಚಿಗೂ ಫ್ಯಾನಿನ ರೆಗ್ಯುಲೇಟರಿಗೂ ಇರುವ ವ್ಯತ್ಯಾಸವೇ ಇದು.

ಒಬ್ಬೊಬ್ಬರಾಗಿ ಬರುವ ಶತ್ರುಗಳು

ನಡೆಯುವುದು, ನೆಗೆಯುವುದು ಸರಿಹೋಯಿತು. ಕತ್ತಿವರಸೆ? ಎದುರಾಳಿ ಮುಂದೆ ಇದ್ದಾನೋ ಓರೆಯಾಗಿ ಇದ್ದಾನೋ ತಿಳಿಯದೆ ಕತ್ತಿ ಗಾಳಿಯಲ್ಲಿ ಬೀಸುವಂತಾದರೆ ಪ್ರಯೋಜನವಿಲ್ಲ. ‘ಒಕರಿನಾ ಆಫ್ ಟೈಮ್’ ತಂಡದವರು ಇದೇ ಚಿಂತೆಯಲ್ಲಿದ್ದಾಗ ಕ್ಯೋಟೋ ನಗರದ ತೋಯೆ ಸಿನಿಮಾ ಸ್ಟುಡಿಯೋದ ಪ್ರವಾಸಿ ಉದ್ಯಾನಕ್ಕೆ ಹೋಗಿದ್ದರು. ಅಲ್ಲಿನ ರಂಗಮಂದಿರದಲ್ಲಿ ನಿಂಜಾ ಹೊಡೆದಾಟದ ಪ್ರದರ್ಶನ ನಡೆಯುತ್ತಿತ್ತು. ನಿಂಜಾ ಒಬ್ಬ ಸರಪಳಿ ಕಟ್ಟಿದ ಕುಡುಗೋಲನ್ನು ಎಸೆದ. ನಾಯಕ ಅದನ್ನು ತೋಳಿನಿಂದ ತಡೆದ. ಸರಪಳಿ ಬಿಗಿಯಾಗಿ, ನಿಂಜಾ ನಾಯಕನ ಸುತ್ತ ವೃತ್ತಾಕಾರವಾಗಿ ತಿರುಗತೊಡಗಿದ. ಇಬ್ಬರ ನಡುವೆ ಕಣ್ಣಿಗೆ ಕಾಣದ ಇಂಥದೊಂದು ಸರಪಳಿಯನ್ನು ಆಟದಲ್ಲಿ ಕಟ್ಟಿದರೆ ಹೇಗೆ ಎಂದು ತಂಡದ ತೋರು ಓಸಾವಾ ಅವರಿಗೆ ಹೊಳೆಯಿತು.

ಫಲಿತಾಂಶ ಹೀಗಿತ್ತು: ನಿಯಂತ್ರಕದ ಹಿಂಭಾಗದಲ್ಲಿರುವ ‘ಝೆಡ್’ ಗುಂಡಿಯನ್ನು ಒತ್ತಿದರೆ ನಾಯಕನ ದೃಷ್ಟಿ ಒಬ್ಬ ಶತ್ರುವಿನ ಮೇಲೆ ನೆಡುತ್ತದೆ. ಬಳಿಕ ನಾಯಕ ಎತ್ತ ಸರಿದರೂ ಶತ್ರುವಿಗೆ ಮುಖ ಮಾಡಿಯೇ ಇರುತ್ತಾನೆ, ಕ್ಯಾಮೆರಾ ಇಬ್ಬರನ್ನೂ ಚೌಕಟ್ಟಿನಲ್ಲಿ ಹಿಡಿಯುತ್ತದೆ. ಯಾರ ಮೇಲೆ ದೃಷ್ಟಿ ನೆಟ್ಟಿದೆ ಎಂದು ತೋರಿಸಲು ನಾವಿ ಎಂಬ ಪುಟ್ಟ ಕಿನ್ನರಿ ಅಲ್ಲಿಗೆ ಹಾರಿ ಹೋಗುತ್ತಾಳೆ. ಅಂಥ ಹೊಡೆದಾಟಗಳಿಂದಲೇ ಅವರು ಇನ್ನೊಂದು ಸಂಗತಿಯನ್ನೂ ಕಲಿತರು. ಖಳರು ಹಲವರಿದ್ದರೂ ಒಮ್ಮೆಗೇ ಮೇಲೆ ಬೀಳುವುದಿಲ್ಲ. ಒಬ್ಬ ಮುಂದೆ ಬಂದರೆ ಉಳಿದವರು ಕಾಯುತ್ತಾರೆ. ನಮ್ಮ ಸಿನಿಮಾಗಳಲ್ಲೂ ಹತ್ತು ಜನ ಸುತ್ತುವರಿದು, ಒಬ್ಬೊಬ್ಬರಾಗಿ ಬಂದು ಪೆಟ್ಟು ತಿಂದು ಹೋಗುವುದನ್ನು ನೀವು ನೋಡಿಯೇ ಇದ್ದೀರಿ!

ಬೇರೆ ಬೇರೆ ಉತ್ತರಗಳು

ಎಲ್ಲರೂ ಒಂದೇ ದಾರಿ ಹಿಡಿಯಲಿಲ್ಲ. 1996ರ ‘ರೆಸಿಡೆಂಟ್ ಈವಿಲ್’ ಕ್ಯಾಮೆರಾವನ್ನು ಮೂಲೆಯಲ್ಲಿ ಸ್ಥಿರವಾಗಿ ನಿಲ್ಲಿಸಿತು. ಹಿನ್ನೆಲೆಯು ಮೊದಲೇ ಸಿದ್ಧಪಡಿಸಿದ ಚಿತ್ರ, ಅದರ ಮುಂದೆ ಪಾತ್ರಗಳಷ್ಟೇ ತ್ರಿಕೋನಗಳಿಂದ ಆದವು. ಇದರಿಂದ ಲೆಕ್ಕದ ಹೊರೆ ತಗ್ಗಿತು. ತಿರುವಿನಾಚೆ ಏನಿದೆ ಎಂದು ಕಾಣದ ಕಾರಣ ಭಯವೂ ಹೆಚ್ಚಿತು. 1998ರ ‘ಮೆಟಲ್ ಗೇರ್ ಸಾಲಿಡ್’ನಲ್ಲಿ ಕ್ಯಾಮೆರಾ ಬಹುತೇಕ ಮೇಲಿನಿಂದ ನೋಡುತ್ತದೆ. ನಾಯಕ ಗೋಡೆಗೆ ಒರಗಿದಾಗ ಮಾತ್ರ ಕೆಳಗಿಳಿದು ಮೂಲೆಯಾಚೆ ಇಣುಕಿ ತೋರಿಸುತ್ತದೆ. ಈ ಎರಡೂ ಆಟಗಳು ಹಿಂಸೆಯ ಕಥೆಗಳು, ಚಿಕ್ಕ ಮಕ್ಕಳಿಗಾಗಿ ಮಾಡಿದವಲ್ಲ. ಇಂಗ್ಲೆಂಡಿನ ರೇರ್ ಕಂಪನಿ 1997ರಲ್ಲಿ ತಂದ ‘ಗೋಲ್ಡನ್‌ಐ 007’ ನಾಯಕನ ಕಣ್ಣನ್ನೇ ಕ್ಯಾಮೆರಾ ಮಾಡಿತು. ತೆರೆಯನ್ನು ನಾಲ್ಕು ಭಾಗ ಮಾಡಿ ನಾಲ್ವರು ಗೆಳೆಯರು ಒಂದೇ ಟಿ.ವಿ.ಯ ಮುಂದೆ ಕುಳಿತು ಆಡುವ ಏರ್ಪಾಡೂ ಅದರಲ್ಲಿತ್ತು.

ಸಂಗ್ರಹದ ಜಾಗವೂ ಆಯ್ಕೆಯ ಪ್ರಶ್ನೆಯಾಗಿತ್ತು. ಪ್ಲೇಸ್ಟೇಷನ್ ಬಳಸಿದ ಸಿ.ಡಿ.ಯಲ್ಲಿ ಸುಮಾರು 650 ಮೆಗಾಬೈಟ್ ಜಾಗ, ಆದರೆ ಓದುವ ವೇಗ ಕಡಿಮೆ. ನಿಂಟೆಂಡೊ 64ರ ಕ್ಯಾಟ್ರಿಜ್‌ನಲ್ಲಿ ವೇಗ ಹೆಚ್ಚು, ಜಾಗ ಕಡಿಮೆ. ‘ಒಕರಿನಾ’ ಇಡಿಯಾಗಿ 32 ಮೆಗಾಬೈಟ್‌ನಲ್ಲಿ ಅಡಗಿತ್ತು. 1997ರ ‘ಫೈನಲ್ ಫ್ಯಾಂಟಸಿ 7’ ಮೂರು ಸಿ.ಡಿ.ಗಳನ್ನು ತುಂಬಿತು. ಅದನ್ನು ರಚಿಸಿದ ಸ್ಕ್ವೇರ್ ಕಂಪನಿ ನಿಂಟೆಂಡೊವನ್ನು ಬಿಟ್ಟು ಸೋನಿಯ ಕಡೆ ಹೋದದ್ದಕ್ಕೆ ಈ ಜಾಗವೇ ದೊಡ್ಡ ಕಾರಣ.

ಮೆಟಾಕ್ರಿಟಿಕ್ ಪಟ್ಟಿಯಲ್ಲಿ ‘ಗೋಲ್ಡನ್‌ಐ’, ಕಾರ್ ಓಟದ ‘ಗ್ರ್ಯಾನ್ ಟುರಿಸ್ಮೊ’, ಹೊಡೆದಾಟದ ‘ಟೆಕ್ಕನ್ 3’ ಇವಕ್ಕೆ ತಲಾ 96, ‘ಮಾರಿಯೊ 64’ ಮತ್ತು ‘ಮೆಟಲ್ ಗೇರ್ ಸಾಲಿಡ್’ಗೆ 94, ‘ಫೈನಲ್ ಫ್ಯಾಂಟಸಿ 7’ಕ್ಕೆ 92 ಅಂಕಗಳಿವೆ. ಚಕ್ರದ ಹಲಗೆಯ ಮೇಲೆ ಜಾರುತ್ತಾ ನೆಗೆಯುವ 2000ದ ‘ಟೋನಿ ಹಾಕ್ಸ್ ಪ್ರೊ ಸ್ಕೇಟರ್ 2’ 98 ಪಡೆದಿದೆ.

ಅಂಕ ಹೇಳುವುದು, ಹೇಳದೆ ಬಿಡುವುದು

ಈಗ ಮೊದಲಿನ ಪ್ರಶ್ನೆಗೆ ಬರೋಣ. 99 ಎಂದರೆ ಏನು?

ಮೊದಲನೆಯದಾಗಿ, ಇದು ಸರಾಸರಿ. ಮೆಟಾಕ್ರಿಟಿಕ್ ಆರಂಭವಾದದ್ದು 2001ರಲ್ಲಿ. ಅಂದರೆ 1998ರ ಆಟಕ್ಕೆ, ಅಷ್ಟರಲ್ಲೇ ಪ್ರಕಟವಾಗಿದ್ದ ವಿಮರ್ಶೆಗಳಿಂದ ಬಳಿಕ ತೆಗೆದ ಲೆಕ್ಕ ಇದು. ವಿಮರ್ಶೆಗಳ ಸಂಖ್ಯೆ ಸುಮಾರು ಇಪ್ಪತ್ತು ಮಾತ್ರ. ಅಲ್ಲದೆ ಎಲ್ಲ ಪತ್ರಿಕೆಗಳಿಗೂ ಸಮಾನ ತೂಕ ಕೊಡುವುದಿಲ್ಲ. ಯಾರಿಗೆ ಎಷ್ಟು ತೂಕ ಎಂಬುದನ್ನು ಸಂಸ್ಥೆ ಬಹಿರಂಗಪಡಿಸಿಲ್ಲ. ಜಪಾನಿನ ‘ಫಾಮಿತ್ಸು’ ಪತ್ರಿಕೆಯ ಕ್ರಮ ಬೇರೆ. ಅಲ್ಲಿ ನಾಲ್ವರು ವಿಮರ್ಶಕರು ತಲಾ ಹತ್ತು ಅಂಕಗಳಿಗೆ ಬೆಲೆ ಕಟ್ಟುತ್ತಾರೆ. ನಲವತ್ತಕ್ಕೆ ನಲವತ್ತು ಪಡೆದ ಮೊದಲ ಆಟವೂ ‘ಒಕರಿನಾ’ವೇ.

ಎರಡನೆಯದಾಗಿ, ಎಲ್ಲರೂ ಆಡಿದ ಆಟ ಒಂದೇ ಆಗಿರಲಿಲ್ಲ! ಅನಲಾಗ್ ಪ್ರಸಾರದ ಕಾಲದಲ್ಲಿ ನಮ್ಮ ದೂರದರ್ಶನದಂತೆ ಯುರೋಪಿನ ಬಹುಭಾಗವೂ ಪಾಲ್ ಪದ್ಧತಿಯನ್ನು ಅನುಸರಿಸುತ್ತಿತ್ತು. ಅದರಲ್ಲಿ ಸೆಕೆಂಡಿಗೆ 25 ಚಿತ್ರಗಳು. ಜಪಾನ್, ಅಮೆರಿಕಾಗಳ ಎನ್.ಟಿ.ಎಸ್.ಸಿ. ಪದ್ಧತಿಯಲ್ಲಿ ಸುಮಾರು 30. ಚಿತ್ರಕ್ಕೊಂದು ಹೆಜ್ಜೆ ಎಂದು ಲೆಕ್ಕ ಹಾಕಿ ಬರೆದ ಆಟವನ್ನು ಹಾಗೆಯೇ ಪಾಲ್ ಪದ್ಧತಿಗೆ ತಂದರೆ ಅದರ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಅನೇಕ ಆಟಗಳಿಗೆ ಹೀಗೆಯೇ ಆಯಿತು. ಯುರೋಪಿನ ಆಟಗಾರರು ಅದೇ ಹಣ ಕೊಟ್ಟು ನಿಧಾನವಾದ ಆಟ ಆಡಿದರು. ಇಂಥ ವ್ಯತ್ಯಾಸ ಒಂದು ಸರಾಸರಿಯಲ್ಲಿ ಕಾಣುವುದಿಲ್ಲ.

ಮೂರನೆಯದು ಮುಖ್ಯವಾದದ್ದು. ವಿಮರ್ಶಕರು ಅಂಕ ಕೊಡುವುದು ಅಂದಿನವರೆಗೆ ತಾವು ನೋಡಿದ್ದರ ಜೊತೆ ಹೋಲಿಸಿ. 1998ರಲ್ಲಿ ಶತ್ರುವಿನ ಮೇಲೆ ದೃಷ್ಟಿ ನೆಡುವ ಗುಂಡಿ ಒಂದು ಆಶ್ಚರ್ಯ. ಇಂದು ಎಷ್ಟೋ ಆಟಗಳಲ್ಲಿ ಅದು ಸಾಮಾನ್ಯ ಸಂಗತಿ. ಉತ್ತರ ಎಲ್ಲರ ಸ್ವತ್ತಾದ ಮೇಲೆ ಪ್ರಶ್ನೆ ಎಷ್ಟು ಕಠಿಣವಾಗಿತ್ತು ಎಂಬುದು ಮರೆತುಹೋಗುತ್ತದೆ. ಆದ್ದರಿಂದ ಇಂದಿನ ವಿದ್ಯಾರ್ಥಿಗೆ ಆ ಆಟ ಸಪ್ಪೆ ಎನಿಸಿದರೆ ಅದಕ್ಕೆ ಕಾರಣ ಆಟದ ಸೋಲಲ್ಲ. ಅದರ ಗೆಲುವು ಎಲ್ಲೆಡೆ ಹಂಚಿಹೋಗಿರುವುದೇ ಕಾರಣ.

ಈ ಸಂಖ್ಯೆಗಳನ್ನು ಬರಿಯ ಮೋಜೆಂದು ತಳ್ಳಿಹಾಕುವಂತೆಯೂ ಇಲ್ಲ. ಮುಂದಿನ ಒಂದು ಪೀಳಿಗೆಯಲ್ಲಿ, 2010ರಲ್ಲಿ, ‘ಫಾಲ್‌ಔಟ್: ನ್ಯೂ ವೆಗಾಸ್’ ಎಂಬ ಆಟ ಬಂದಿತು. ಸರಾಸರಿ 85 ಬಂದರೆ ಅದನ್ನು ರಚಿಸಿದ ಕಂಪನಿಗೆ ಹೆಚ್ಚುವರಿ ಹಣ ಎಂಬ ಕರಾರಿತ್ತು. ಬಂದದ್ದು 84. ಹಣ ಸಿಗಲಿಲ್ಲವೆಂದು ಆ ಕಂಪನಿಯ ಹಿರಿಯ ವಿನ್ಯಾಸಕರೊಬ್ಬರು 2012ರಲ್ಲಿ ಬಹಿರಂಗವಾಗಿ ತಿಳಿಸಿದರು. ಒಂದು ಅಂಕದಿಂದ ದರ್ಜೆ ಕಳೆದುಕೊಂಡವರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ.

ಉಳಿಸಿಕೊಳ್ಳುವ ಪ್ರಶ್ನೆ

ಇನ್ನೂ ಒಂದು ವಿಚಾರವಿದೆ. ಹಳೆಯ ಆಟಕ್ಕೆ ಎಷ್ಟು ಅಂಕ ಬಂದಿತ್ತು ಎಂದು ತಿಳಿಯುವುದು ಸುಲಭ. ಆ ಆಟವನ್ನೇ ಆಡಿ ನೋಡುವುದು ಕಷ್ಟ. ಅಮೆರಿಕಾದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ 87ರಷ್ಟು ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಹೆಸರಾದ ಆಟಗಳಿಗೆ ಹೊಸ ರೂಪ ಸಿಗುತ್ತದೆ. ‘ಒಕರಿನಾ’ 2011ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ 3ಡಿಎಸ್ ಯಂತ್ರಕ್ಕೆ ಮರಳಿ ಬಂತು. ಆದರೆ ಕಡಿಮೆ ಅಂಕ ಪಡೆದವು, ಪ್ರಯತ್ನಪಟ್ಟು ಸೋತವು ಸದ್ದಿಲ್ಲದೆ ಮರೆಯಾಗುತ್ತವೆ. ಸೋತ ಉತ್ತರಗಳನ್ನು ನೋಡದೆ ಗೆದ್ದ ಉತ್ತರದ ಬೆಲೆ ತಿಳಿಯುವುದು ಹೇಗೆ? ಪ್ರಯೋಗಶಾಲೆಯಲ್ಲಿ ತಪ್ಪಿದ ಪ್ರಯೋಗವನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಡಿ ಎಂದು ಅಧ್ಯಾಪಕರು ಹೇಳುವುದು ಇದೇ ಕಾರಣಕ್ಕೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಬಾರಿ ನೀವು ಅಥವಾ ನಿಮ್ಮ ಗೆಳೆಯರು ಯಾವುದಾದರೂ ಆಟ ಆಡುವಾಗ ಹತ್ತು ನಿಮಿಷ ನಾಯಕನನ್ನು ಬಿಟ್ಟು ಕ್ಯಾಮೆರಾವನ್ನು ಮಾತ್ರ ಗಮನಿಸಿ. ಅದು ಎಷ್ಟು ಎತ್ತರದಲ್ಲಿದೆ, ಗೋಡೆ ಬಂದಾಗ ಏನು ಮಾಡುತ್ತದೆ, ಯಾವಾಗ ನಿಮ್ಮ ಕೈಗೆ ಸಿಗುತ್ತದೆ, ಯಾವಾಗ ತಾನೇ ಚಲಿಸುತ್ತದೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಆ ಬಳಿಕ ಆಟಕ್ಕೆ ನೀವೇ ಅಂಕ ಕೊಡಿ. ಏಕೆ ಕೊಟ್ಟಿರಿ ಎಂಬುದನ್ನು ಅಂಕದ ಪಕ್ಕದಲ್ಲಿ ಎರಡು ವಾಕ್ಯಗಳಲ್ಲಿ ಬರೆಯುವುದನ್ನು ಮಾತ್ರ ಮರೆಯಬೇಡಿ.