ಬಿಸಿಲಿಗೆ ಹಿಡಿದ ಕಿವಿ

ಕೋಲ್ಕತ್ತದ ಲೇಕ್ ಮಾರ್ಕೆಟ್‌ಗೆ ಹೋದ ದಕ್ಷಿಣದವರು ಬಾಳೆಎಲೆ, ಕರಿಬೇವು, ಮಲ್ಲಿಗೆ ದಂಡೆ, ಕಾಫಿಪುಡಿ ಕೊಂಡು, ರಾಸ್‌ಬಿಹಾರಿ ಅವೆನ್ಯೂವಿನ ಕೋಮಲ ವಿಲಾಸ್‌ನಲ್ಲೋ ಬನಾನಾ ಲೀಫ್‌ನಲ್ಲೋ ದೋಸೆ ತಿಂದು ಬರುತ್ತಾರೆ. ತಮಿಳರು, ಕನ್ನಡಿಗರು, ತೆಲುಗರು, ಮಲಯಾಳಿಗಳು ಎಲ್ಲರೂ ಇಲ್ಲಿನವರ ಬಾಯಲ್ಲಿ ಒಟ್ಟಿಗೆ ‘ಮದ್ರಾಸಿ’ಗಳು. ಈ ಮನೆಗಳ ಮಕ್ಕಳಿಗೆ ಕಿವಿ ಚುಚ್ಚುವ ಒಬ್ಬ ಬಂಗಾಳಿ ಅಕ್ಕಸಾಲಿ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದ್ದಾರೆಂದು ಕೇಳಿ ನಾನು ಹೋಗಿದ್ದೆ. ಹೆಸರು ಬರೆಯಬೇಡಿ ಎಂದರು. ಗಲ್ಲಿಯವರೆಲ್ಲ ಕರೆಯುವಂತೆ ನಾನೂ ದಾದು, ಅಂದರೆ ಅಜ್ಜ, ಎನ್ನುತ್ತೇನೆ.

ಮಗು ಸೋದರಮಾವನ ತೊಡೆಯ ಮೇಲೆ ಕೂತಿತ್ತು. ದಾದು ಅದರ ಕಿವಿಯ ಹಾಲೆಯನ್ನು ಎಡಗೈಯ ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, ಬಾಗಿಲಿನ ಬಿಸಿಲಿಗೆ ತಿರುಗಿಸಿದರು. ಬೆಳಕು ಆರಪಾರ ಬಂದಾಗ ಹಾಲೆಯೊಳಗಿನ ನೆತ್ತರ ಗೆರೆಗಳು ಕೆಂಪಗೆ ಕಾಣುತ್ತವೆ. ಅವುಗಳ ನಡುವೆ ಗೆರೆಯಿಲ್ಲದ ಒಂದು ತಿಳಿ ಜಾಗ. ಅಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟರು. ಆಮೇಲೆ ಮಗುವಿನೆದುರು ಕುಕ್ಕರಗಾಲಲ್ಲಿ ಕೂತು ಎರಡೂ ಚುಕ್ಕೆ ಸಮ ಇವೆಯೇ ಎಂದು ನೋಡಿದರು. ಒಂದು ಎಳ್ಳಿನಷ್ಟು ಮೇಲಿತ್ತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಮತ್ತೆ ಇಟ್ಟರು. ತಾಯಿಯನ್ನು ಕರೆದು ತೋರಿಸಿದರು, ಅಜ್ಜಿಯನ್ನೂ ಕರೆದರು. ಇಬ್ಬರೂ ಒಪ್ಪಿದ ಮೇಲೆಯೇ ತಂತಿ ಕೈಗೆತ್ತಿಕೊಂಡದ್ದು.

ತಂತಿ 22 ಕ್ಯಾರಟ್ ಚಿನ್ನದ್ದು. ಒಂದು ತುದಿಯನ್ನು ಅರದಿಂದ ಉಜ್ಜಿ ಮೊನೆ ಮಾಡಿರುತ್ತಾರೆ. ಚುಚ್ಚುವಾಗ ಅದೇ ಸೂಜಿ, ಬಾಗಿಸಿದರೆ ಅದೇ ಮುರು. ಗಂಡುಮಗುವಾದ್ದರಿಂದ ಬಲಗಿವಿ ಮೊದಲು. ಮದ್ರಾಸಿ ಅಜ್ಜಿಯರು ಹೇಳಿ ಹೇಳಿ ದಾದುವಿಗೆ ಇದು ಬಾಯಿಪಾಠವಾಗಿದೆ. ಮೊನೆ ನೇರವಾಗಿ ಆಚೆ ಬಂತು, ಇಕ್ಕಳ ಅದನ್ನು ಕತ್ತರಿಸಿ ಬಾಗಿಸಿತು. ಮಗು ಬಾಯಿ ತೆರೆದು ಅಳಲು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಒಂದು ಕಿವಿ ಮುಗಿದಿತ್ತು.

ಈ ಕ್ರಮವನ್ನು ಪ್ರಾಚೀನ ವೈದ್ಯ ಸುಶ್ರುತ ಬರೆದಿಟ್ಟಿದ್ದಾನೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದ ಬಹುಪಾಲು ಕಿವಿಯದೇ. ಆರನೆಯ ಅಥವಾ ಏಳನೆಯ ತಿಂಗಳು, ಮಗುವಿನ ಮುಂದೆ ಆಟಿಕೆ, ಬಿಸಿಲು ಹಾಯುವ ಜಾಗ ಹುಡುಕುವುದು, ಗಂಡಿಗೆ ಬಲ, ಹೆಣ್ಣಿಗೆ ಎಡ ಮೊದಲು, ಆಮೇಲೆ ಹತ್ತಿಯ ಬತ್ತಿ, ಎಣ್ಣೆ. ನೆತ್ತರು ಹೆಚ್ಚು ಬಂದರೆ, ನೋವು ಅತಿಯಾದರೆ ಜಾಗ ತಪ್ಪಿತೆಂದು ತಿಳಿ ಎನ್ನುತ್ತಾನೆ. ಹರಿದ ಹಾಲೆಯನ್ನು ಕೂಡಿಸಲು 15 ವಿಧಾನಗಳನ್ನೂ ಅಲ್ಲೇ ಹೇಳಿದ್ದಾನೆ. ಈ ಗ್ರಂಥ ಮೊದಲು ಅಚ್ಚಾದದ್ದು ಇದೇ ಊರಿನಲ್ಲಿ, 1835ರಲ್ಲಿ. ಸಂಪಾದಿಸಿದವರು ಪಂಡಿತ ಮಧುಸೂದನ ಗುಪ್ತ. ಮರುವರ್ಷ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಶವವಿಚ್ಛೇದನ ಮಾಡಿ ಹೆಸರಾದವರು. ಕವಿರಾಜ ಕುಂಜಲಾಲ ಭಿಷಗ್ರತ್ನರ ಇಂಗ್ಲಿಷ್ ಅನುವಾದ 1907ರಿಂದ ಹೊರಬಂದದ್ದೂ ಇಲ್ಲಿಂದಲೇ. ದಾದು ಇವೆರಡನ್ನೂ ಓದಿದವರಲ್ಲ. ಅಪ್ಪ ಹಿಡಿದಂತೆ ಕಿವಿ ಹಿಡಿಯುತ್ತಾರೆ, ಅಷ್ಟೆ.

ನನಗೆ ಅವರು ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಅಂದೇ ಒಬ್ಬ ಕಾಲೇಜು ಹುಡುಗಿ ಕಿವಿಯ ಮೇಲ್ಭಾಗಕ್ಕೆ, ನಮ್ಮ ಅಜ್ಜಿಯರು ಬುಗುಡಿ ಹಾಕುತ್ತಿದ್ದ ಜಾಗಕ್ಕೆ, ಚುಚ್ಚಿಸಿಕೊಳ್ಳಲು ಬಂದಳು. ದಾದು ಮುಟ್ಟಿ ನೋಡಿ, ಇದು ಗಟ್ಟಿ ಜಾಗ, ನನ್ನ ಕೆಲಸ ಮೆತ್ತನೆಯ ಹಾಲೆಗೆ ಮುಗಿಯಿತು ಎಂದು ಕಳಿಸಿದರು. ಗಿರಾಕಿಯನ್ನು ಬಿಟ್ಟುಕೊಟ್ಟರು. ಅವರು ಮಾಡಿದ್ದು ಸರಿ. ಆ ಗಟ್ಟಿ ಜಾಗದ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ, ಮೇಲಿನ ಪೊರೆಯಿಂದಲೇ ಅದಕ್ಕೆ ಪೋಷಣೆ. ಅಲ್ಲಿ ಕೀವು ಕಟ್ಟಿದರೆ ಕಿವಿಯ ಆಕಾರವೇ ಮುದುಡಿಹೋಗಬಹುದು. ಗಾಯ ಪೂರ್ತಿ ಮಾಗಲು ಆರು ತಿಂಗಳಿಂದ ವರ್ಷ ಬೇಕು. ಹಾಲೆಗಾದರೆ ಆರೆಂಟು ವಾರ ಸಾಕು.

ಈಗ ಎಲ್ಲೆಡೆ ಕಿವಿ ಚುಚ್ಚುವ ಗನ್ ಬಂದಿದೆ. ಠಪ್ ಎಂದರೆ ಮುಗಿಯಿತು, ನೋವಿಲ್ಲ ಎನ್ನುತ್ತಾರೆ. ಆದರೆ ಗನ್ ಮೊಂಡು ಮೊನೆಯ ಸ್ಟಡ್ಡನ್ನು ಸ್ಪ್ರಿಂಗಿನ ಬಲದಿಂದ ಒತ್ತಿ ಚರ್ಮವನ್ನು ಹರಿದು ತೂರಿಸುತ್ತದೆ. ಅದರ ಪ್ಲಾಸ್ಟಿಕ್ ಮೈಯನ್ನು ಒತ್ತಡದ ಹಬೆಯಲ್ಲಿ ಶುದ್ಧಿ ಮಾಡುವ ಆಟೋಕ್ಲೇವ್‌ನಲ್ಲಿ ಇಡಲಾಗುವುದಿಲ್ಲ. ಹಿಂದಿನ ಕ್ಲಿಪ್ ಬಿಗಿಯಾಗಿ ಕೂತು, ಊದಿಕೊಂಡ ಹಾಲೆಗೆ ಎಡೆಯೇ ಕೊಡುವುದಿಲ್ಲ. ಹಳೆಯ ಕೈಗಿಂತಲೂ ಹೊಸ ಸೂಜಿಗಿಂತಲೂ ಇದು ಕೀಳು ಎಂದೇ ನನ್ನ ಅಭಿಪ್ರಾಯ.

ಹಾಗೆಂದು ದಾದುವಿನ ಸ್ಪಿರಿಟ್ ಹತ್ತಿಯೂ ಸಾಲದು. ಹೆಪಟೈಟಿಸ್ ಬಿ ರಕ್ತದಿಂದ ರಕ್ತಕ್ಕೆ ದಾಟುವ ಕಾಯಿಲೆ. 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಹಬೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಇಟ್ಟದ್ದೇ ನಿಜವಾದ ಶುದ್ಧಿ. ಇದಕ್ಕೆ ಆ ಮಗುವಿನ ಅಜ್ಜಿ ಕಂಡುಕೊಂಡ ದಾರಿ ನನಗೆ ಬಹಳ ಹಿಡಿಸಿತು: ಮೊನೆ ಮಾಡಿದ ತಂತಿಯನ್ನು ಹಿಂದಿನ ದಿನವೇ ಪರಿಚಯದ ಹಲ್ಲಿನ ಡಾಕ್ಟರ ಬಳಿ ಒಯ್ದು, ಅವರ ಆಟೋಕ್ಲೇವ್‌ನಲ್ಲಿ ಹಾಕಿಸಿ, ಮುಚ್ಚಿದ ಪೊಟ್ಟಣದಲ್ಲಿ ತಂದಿದ್ದರು. ಚಿನ್ನಕ್ಕೆ ಹಬೆಯಿಂದ ಏನೂ ಆಗುವುದಿಲ್ಲ. ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಹಲ್ಲಿನ ಡಾಕ್ಟರಿಲ್ಲದ ಬಡಾವಣೆ ಎಲ್ಲಿದೆ? ಪತ್ತಾರರನ್ನು ಬಿಡುವ ಮೊದಲು ಇಷ್ಟು ಮಾಡಬಹುದಲ್ಲ.

ದಾದು ವಾಪಸು ಕಳಿಸಿದ ಹುಡುಗಿಯಂಥವರು ಈಗ ಮೈ ಚುಚ್ಚುವ ಸ್ಟುಡಿಯೋಗಳಿಗೆ ಹೋಗುತ್ತಾರೆ. ಹೊಕ್ಕುಳು, ನಾಲಿಗೆ, ಮೊಲೆತೊಟ್ಟು, ಜನನಾಂಗ ಎಲ್ಲಕ್ಕೂ ಚುಚ್ಚಿಸಿಕೊಳ್ಳುವವರಿದ್ದಾರೆ. ಪಶ್ಚಿಮದಿಂದ ಬಂದ ಕೆಟ್ಟ ಚಾಳಿ ಎಂದು ಮೂಗು ಮುರಿಯುವವರಿಗೆ ವಾತ್ಸ್ಯಾಯನನನ್ನು ನೆನಪಿಸಬೇಕು. ಕಾಮಸೂತ್ರದ ಕೊನೆಯ ಅಧ್ಯಾಯದಲ್ಲಿ ದಾಕ್ಷಿಣಾತ್ಯರು, ಅಂದರೆ ನಮ್ಮ ಕಡೆಯವರೇ, ಮಕ್ಕಳ ಕಿವಿ ಚುಚ್ಚಿದಂತೆ ಗಂಡಸಿನ ಗುಪ್ತಾಂಗ ಚುಚ್ಚುವ ಮಾತಿದೆ. ನೆತ್ತರು ನಿಲ್ಲುವವರೆಗೆ ನೀರಿನಲ್ಲಿ ನಿಲ್ಲುವುದು, ಕಷಾಯದಿಂದ ತೊಳೆಯುವುದು, ತೂತನ್ನು ನಿಧಾನವಾಗಿ ಹಿಗ್ಗಿಸುವುದು ಎಲ್ಲವೂ ಅಲ್ಲಿದೆ. 1975ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜಿಮ್ ವಾರ್ಡ್ ‘ಗಾಂಟ್ಲೆಟ್’ ಎಂಬ ಚುಚ್ಚುವ ಉದ್ಯಮ ಆರಂಭಿಸಿ ಈ ಕಸುಬಿಗೆ ಹೊಸ ರೂಪ ಕೊಟ್ಟರು. ಅಲ್ಲಿನವರು ಇಂದಿಗೂ ಒಂದು ಬಗೆಯ ಚುಚ್ಚುವಿಕೆಯನ್ನು ಕರೆಯುವುದು ವಾತ್ಸ್ಯಾಯನನ ‘ಅಪದ್ರವ್ಯ’ ಎಂಬ ಹೆಸರಿನಿಂದಲೇ.

ಗುಟ್ಟಿನ ಜಾಗವೆಂಬ ನಾಚಿಕೆಯಲ್ಲಿ ಯಾರನ್ನೂ ಏನೂ ಕೇಳದೆ ಸಿಕ್ಕಿದ ಕಡೆ ಚುಚ್ಚಿಸಿಕೊಂಡವರಿಗೇ ಹೆಚ್ಚು ತೊಂದರೆ. ಚುಚ್ಚುವವರ ಮುಂದೆ ಬಾಯಿ ಬಿಟ್ಟು ಕೇಳಬೇಕು. ಸೂಜಿ ಒಂದೇ ಬಾರಿ ಬಳಸುವ ಟೊಳ್ಳು ಸೂಜಿಯೇ, ಪೊಟ್ಟಣವನ್ನು ನನ್ನೆದುರೇ ಒಡೆಯುತ್ತೀರಾ, ಆಟೋಕ್ಲೇವ್‌ ಸರಿಯಾಗಿ ಕೆಲಸ ಮಾಡುತ್ತಿದೆಯೆಂಬ ಪರೀಕ್ಷೆಯ ದಾಖಲೆ ಇದೆಯೇ? ಹೊಸ ಗಾಯಕ್ಕೆ ಹಾಕುವುದು ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ದರ್ಜೆಯ ಟೈಟೇನಿಯಂ ಆದರೆ ಒಳ್ಳೆಯದು. ಅಗ್ಗದ ಲೋಹದ ನಿಕ್ಕಲ್ ತುರಿಕೆಗೆ ಮೂಲ. ಕೋಣೆಗೆ ಬಾಗಿಲಿರಬೇಕು, ಜೊತೆಗೆ ಗೆಳತಿಯನ್ನೋ ಗೆಳೆಯನನ್ನೋ ಕರೆದುಕೊಂಡು ಬನ್ನಿ ಎಂದು ಅವರೇ ಹೇಳಬೇಕು. ಹದಿನೆಂಟು ತುಂಬದವರನ್ನು, ಬಸುರಿಯರನ್ನು ವಾಪಸು ಕಳಿಸಬೇಕು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ವಿಚಾರಿಸಬೇಕು. ಎಲ್ಲಕ್ಕಿಂತ ಮುಖ್ಯ, ಎಲ್ಲರ ಮೈಯೂ ಒಂದೇ ತರಹ ಇರುವುದಿಲ್ಲವಾದ್ದರಿಂದ, ಮೊದಲು ನೋಡಿ, ನಿಮಗೆ ಇದು ಹೊಂದುವುದಿಲ್ಲ ಎನ್ನುವ ಧೈರ್ಯ ಅವರಿಗಿರಬೇಕು. ಕೇಳಿದ ತಕ್ಷಣ ಆಯಿತು ಎನ್ನುವವರ ಮುಂದೆ ಮಲಗಬಾರದು.

ಆಮೇಲಿನ ಆರೈಕೆ ಸರಳ. ಉಪ್ಪುನೀರು, ಅಂದರೆ ಔಷಧಿ ಅಂಗಡಿಯಲ್ಲಿ ಸಿಗುವ ಸಲೈನ್; ತಿರುವದೆ, ಕೆದಕದೆ ಬಿಡುವುದು; ಕೆರೆ, ಈಜುಕೊಳ ಬೇಡ. ಅರಿಶಿನ, ಕೊಬ್ಬರಿ ಎಣ್ಣೆಯ ಮೇಲೆ ನನಗೂ ಪ್ರೀತಿಯಿದೆ, ಆದರೆ ತೆರೆದ ಗಾಯದಲ್ಲಿ ಅವು ಕೊಳೆಯನ್ನು ಹಿಡಿದಿಡುತ್ತವೆ. ಕೀವಾದರೆ ಒಡವೆ ಕಿತ್ತೆಸೆಯದೆ ಡಾಕ್ಟರ ಬಳಿ ಹೋಗಬೇಕು. ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿಯುತ್ತದೆ. ಮೊಲೆತೊಟ್ಟಿನ ಗಾಯ ಮಾಗಲು ಒಂದು ವರ್ಷವೂ ಹಿಡಿಯಬಹುದು.

ದಾದುವಿನ ಮಗ ಬೆಂಗಳೂರಿನ ನಗರ್ತಪೇಟೆಯಲ್ಲಿದ್ದಾನೆ, ಬಂಗಾಳದ ಎಷ್ಟೋ ಅಕ್ಕಸಾಲಿಗಳಂತೆ. ನಮ್ಮ ಮದುವೆಮನೆಗಳ ಜುಮುಕಿಗೆ ಕಲ್ಲು ಕೂರಿಸುತ್ತಾನೆ. ಆ ಕೆಲಸದಲ್ಲಿ ಅವನ ಕೈ ನನಗಿಂತ ಚುರುಕು ಎಂದು ದಾದು ಹೆಮ್ಮೆಯಿಂದ ಹೇಳಿದರು. ಕಿವಿ ಚುಚ್ಚುವುದನ್ನು ಮಾತ್ರ ಅವನು ಕಲಿಯಲಿಲ್ಲ. ಬೇರೆ ಯಾರೂ ಕಲಿಸಿ ಎಂದು ಕೇಳಿಕೊಂಡು ಬಂದಿಲ್ಲ.