ಸಿರಿಂಜಿನ ಮುಚ್ಚಳದ ಬಣ್ಣ ನೋಡಿದಿರಾ?

ಹನೂರಿನಲ್ಲಿರುವ ನಮ್ಮ ಖಾಲಾ ನಾಲ್ಕು ವರ್ಷಗಳಿಂದ ಎರಡು ಹೊತ್ತು ಇನ್ಸುಲಿನ್ ತಾವೇ ಚುಚ್ಚಿಕೊಳ್ಳುತ್ತಾರೆ. ಓದು ಬರಹ ಬಾರದಿದ್ದರೂ ಸಿರಿಂಜಿನ ಗೆರೆ ಎಣಿಸುವುದರಲ್ಲಿ ತಪ್ಪುವವರಲ್ಲ. ಡಾಕ್ಟರು ತೋರಿಸಿಕೊಟ್ಟ 20ರ ಗೆರೆಯನ್ನು ಒಂದು ದಿನವೂ ಮೀರಿದವರಲ್ಲ. ಆದರೂ ಒಮ್ಮೆ ಅವರ ರಕ್ತದ ಸಕ್ಕರೆ ಏರತೊಡಗಿತು. ಡಾಕ್ಟರು ಪ್ರಮಾಣವನ್ನು 30ಕ್ಕೆ ಹೆಚ್ಚಿಸಿದರು. ಎರಡು ವಾರ ಕಳೆದ ಮೇಲೆ, ಫಜ್ರ್ ನಮಾಝ್‌ಗೆ ಎಬ್ಬಿಸಲು ಹೋದ ಸೊಸೆ ಗಾಬರಿಯಾದಳು. ಖಾಲಾ ಬೆವರಿನಲ್ಲಿ ತೊಯ್ದು ಹೋಗಿದ್ದರು, ಮಾತು ತೊದಲುತ್ತಿತ್ತು. ಸಕ್ಕರೆ ನೀರು ಕುಡಿಸಿದ ಮೇಲೆ, ಅಲ್‌ಹಮ್ದುಲಿಲ್ಲಾಹ್, ಚೇತರಿಸಿಕೊಂಡರು.

"ನಾನು ಗೆರೆ ತಪ್ಪಿಲ್ಲ ಮಗಳೇ" ಎಂದು ಖಾಲಾ ನನಗೆ ಹೇಳಿದ್ದು ನಿಜವೇ ಆಗಿತ್ತು. ತಪ್ಪಿದ್ದು ಸಿರಿಂಜ್. ತಿಂಗಳ ಹಿಂದೆ ಮೊಮ್ಮಗ ಅಂಗಡಿಯಿಂದ ಕೆಂಪು ಮುಚ್ಚಳದ ಬದಲು ಕಿತ್ತಳೆ ಮುಚ್ಚಳದ ಸಿರಿಂಜ್ ತಂದಿದ್ದ. ಅವು ಮುಗಿದ ದಿನ ಮತ್ತೆ ಕೆಂಪು ಮುಚ್ಚಳದವು ಮನೆಗೆ ಬಂದವು. ಯಾರೂ ಗಮನಿಸಲಿಲ್ಲ.

40 ಮತ್ತು 100ರ ಲೆಕ್ಕ

ಸಹೋದರಿಯರೇ, ನಮ್ಮಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಬಳಸುವ ಬಾಟಲಿಯಲ್ಲಿ ಒಂದು ಮಿಲಿಲೀಟರ್‌ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಡ್ಜ್‌ಗಳಲ್ಲಿ ಮತ್ತು ಕೆಲವು ಬಾಟಲಿಗಳಲ್ಲಿ 100 ಯೂನಿಟ್. 40ರ ಔಷಧಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರ ಔಷಧಕ್ಕೆ ಕಿತ್ತಳೆ ಮುಚ್ಚಳದ್ದು.

ಇವು ಅದಲುಬದಲಾದರೆ ಏನಾಗುತ್ತದೆ? 40ರ ಔಷಧವನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 8 ಯೂನಿಟ್ ಮಾತ್ರ. ಖಾಲಾರ ಸಕ್ಕರೆ ಏರಿದ್ದು ಇದರಿಂದಲೇ. 30ರ ಗೆರೆಗೆ ಏರಿಸಿದಾಗಲೂ ಅವರಿಗೆ ಸಿಕ್ಕಿದ್ದು 12 ಯೂನಿಟ್. ಕೆಂಪು ಸಿರಿಂಜ್ ಮರಳಿ ಬಂದ ರಾತ್ರಿ ಒಮ್ಮೆಲೇ 30 ಯೂನಿಟ್ ದೇಹ ಸೇರಿತು. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಅಪಾಯಕಾರಿ. 100ರ ಔಷಧವನ್ನು ಕೆಂಪು ಸಿರಿಂಜಿನಲ್ಲಿ 20ರವರೆಗೆ ಎಳೆದರೆ ಅದು 50 ಯೂನಿಟ್! ಪ್ರಾಣಕ್ಕೇ ಕುತ್ತು.

ಆದ್ದರಿಂದ ಅಂಗಡಿಗೆ ಯಾರನ್ನೇ ಕಳುಹಿಸಿ, ಖಾಲಿ ಬಾಟಲಿ ಮತ್ತು ಹಳೆಯ ಸಿರಿಂಜಿನ ಕವರನ್ನು ಜೊತೆಗೆ ಕೊಡಿ. ಬಾಟಲಿಯ ಮೇಲಿನ ಸಂಖ್ಯೆ ಮತ್ತು ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಆಗಿದ್ದರೆ ಮಾತ್ರ ಮನೆಗೆ ತನ್ನಿ. ಪೆನ್ನಿನ ಕಾರ್ಟ್ರಿಡ್ಜ್‌ನಿಂದ ಸಿರಿಂಜಿಗೆ ಔಷಧ ಎಳೆಯಲೇಬೇಡಿ.

ಚುಚ್ಚಿಕೊಳ್ಳುವಾಗ

ಮೊದಲು ಸೋಪಿನಿಂದ ಕೈ ತೊಳೆಯಿರಿ. ಮಂದವಾಗಿ ಹಾಲಿನಂತೆ ಕಾಣುವ ಇನ್ಸುಲಿನ್ ಆದರೆ ಬಾಟಲಿಯನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ, ಕುಲುಕಬೇಡಿ. ತಿಳಿಯಾಗಿರಬೇಕಾದ ಔಷಧ ಮಬ್ಬಾಗಿದ್ದರೆ ಬಳಸಬೇಡಿ. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿಯನ್ನು ಬಾಟಲಿಯೊಳಗೆ ತಳ್ಳಿ, ಬಾಟಲಿ ತಲೆಕೆಳಗು ಮಾಡಿ ಔಷಧ ಎಳೆಯಿರಿ. ಗುಳ್ಳೆಗಳಿದ್ದರೆ ಬೆರಳಿನಿಂದ ತಟ್ಟಿ ಹೊರಹಾಕಿ, ಗೆರೆಯನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಇನ್ನೊಮ್ಮೆ ನೋಡಿ.

ಹೊಟ್ಟೆ, ತೊಡೆಯ ಹೊರಭಾಗ, ತೋಳಿನ ಹಿಂಭಾಗ ಸೂಕ್ತ ಜಾಗಗಳು. ಹೊಕ್ಕುಳಿನಿಂದ ಎರಡು ಬೆರಳಿನಷ್ಟು ದೂರವಿರಲಿ. ಮನೆಯಲ್ಲಿ ಜನರಿದ್ದಾರೆಂಬ ಸಂಕೋಚದಿಂದ ಬಟ್ಟೆಯ ಮೇಲಿಂದಲೇ ಚುಚ್ಚಿಕೊಳ್ಳುವವರಿದ್ದಾರೆ. ಅದು ಬೇಡ, ಒಳಕೋಣೆಗೆ ಹೋಗಿ. ದಿನವೂ ಒಂದೇ ಜಾಗದಲ್ಲಿ ಚುಚ್ಚಿದರೆ ಅಲ್ಲಿ ಗಂಟು ಕಟ್ಟಿ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜಾಗ ಬದಲಿಸುತ್ತಿರಿ. ಪೆನ್ ಬಳಸುವವರು ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ. ಒಬ್ಬರ ಸೂಜಿ ಅಥವಾ ಪೆನ್ ಇನ್ನೊಬ್ಬರು ಬಳಸಬಾರದು, ಗಂಡ ಹೆಂಡತಿಯಾದರೂ ಸರಿ.

ಬಿಸಿಲಿನ ಊರುಗಳಲ್ಲಿ

ತೆರೆಯದ ಬಾಟಲಿ ಫ್ರಿಜ್‌ನಲ್ಲಿರಲಿ, ಐಸ್ ಕಟ್ಟುವ ಫ್ರೀಜರ್‌ನಲ್ಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ. ಫ್ರಿಜ್ ಇಲ್ಲದವರು ಮಣ್ಣಿನ ಮಡಕೆಯನ್ನು ಒದ್ದೆ ಮರಳಿನ ಮೇಲಿಟ್ಟು, ಅದರೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಟಲಿ ಇಡಬಹುದು. ತೆರೆದ ದಿನಾಂಕ ಬರೆದಿಡಿ. ಸಾಮಾನ್ಯವಾಗಿ ನಾಲ್ಕು ವಾರದ ನಂತರ ಬಳಸಬಾರದು. ಕೊಳ್ಳೇಗಾಲದಿಂದ ಹನೂರಿಗೋ ಯಳಂದೂರಿಗೋ ಔಷಧ ಕೊಂಡೊಯ್ಯುವಾಗ ಬಸ್ಸಿನ ಕಿಟಕಿಯ ಬಿಸಿಲು ತಾಗದಿರಲಿ.

ಸಕ್ಕರೆ ಇಳಿದಾಗ

ಬೆವರು, ನಡುಕ, ವಿಪರೀತ ಹಸಿವು, ತಬ್ಬಿಬ್ಬು ಕಂಡರೆ, ಅಥವಾ ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ. 15 ನಿಮಿಷ ಬಿಟ್ಟು ಪರೀಕ್ಷಿಸಿ, ಏರದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ರಮಝಾನ್‌ನಲ್ಲಿ ಕೆಲವು ಸಹೋದರಿಯರು ಉಪವಾಸ ಮುರಿಯುತ್ತದೆಂದು ಹೆದರಿ ಇನ್ಸುಲಿನ್ ಬಿಡುತ್ತಾರೆ. ಪೋಷಕಾಂಶ ನೀಡುವವುಗಳನ್ನು ಬಿಟ್ಟು ಉಳಿದ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಖ್ಹ್ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ತೀರ್ಮಾನಿಸಿದೆ. ಆದರೆ ಉಪವಾಸ ಹಿಡಿಯಬಹುದೇ, ಪ್ರಮಾಣ ಎಷ್ಟಿರಬೇಕು ಎಂಬುದನ್ನು ಮೊದಲೇ ಡಾಕ್ಟರನ್ನು ಕೇಳಿ. ಸಕ್ಕರೆ 70ಕ್ಕಿಂತ ಇಳಿದರೆ ಇಫ್ತಾರ್‌ವರೆಗೆ ಕಾಯದೆ ಉಪವಾಸ ಬಿಡಬೇಕು. ರೋಗಿಗೆ ಅಲ್ಲಾಹನೇ ರಿಯಾಯಿತಿ ನೀಡಿದ್ದಾನೆ.

ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಎಸೆಯಬೇಡಿ. ಕಸ ಎತ್ತುವ ಪೌರಕಾರ್ಮಿಕರ ಕೈಗೆ ಅದು ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಯಲ್ಲಿ ವಿಚಾರಿಸಿ ಒಪ್ಪಿಸಿ.

ಖಾಲಾರ ಬಾಟಲಿಯ ಕುತ್ತಿಗೆಗೆ ಈಗ ಸೊಸೆ ಒಂದು ಕೆಂಪು ದಾರ ಕಟ್ಟುತ್ತಾಳೆ. ದಾರ ಕೆಂಪು, ಮುಚ್ಚಳವೂ ಕೆಂಪು ಇದ್ದರೆ ಮಾತ್ರ ಖಾಲಾ ಬಿಸ್ಮಿಲ್ಲಾಹ್ ಹೇಳಿ ಸೂಜಿ ಹಿಡಿಯುತ್ತಾರೆ. ನಿಮ್ಮ ಮನೆಯಲ್ಲೂ ಇನ್ಸುಲಿನ್ ಇದ್ದರೆ, ಈ ಪುಟ ಮಡಚಿಟ್ಟು ಮೊದಲು ಹೋಗಿ ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಒಮ್ಮೆ ನೋಡಿ ಬನ್ನಿ.